ಹೊಳಪು ಹೋದರೆ ಹೋಗಲಿ, ಒಳಗಿನ ಮರ ಗಟ್ಟಿ ಕೂರಲಿ

ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಹತ್ತಿರ ಬಂತೆಂದರೆ ಕೊಡಗಿನ ಮನೆಗಳಲ್ಲಿ ಕೋವಿ ಒರೆಸುವ ಕೆಲಸ ಶುರುವಾಗುತ್ತದೆ. ಸೆಪ್ಟೆಂಬರ್ 3ರ ಹೊತ್ತಿಗೆ ಕೋವಿಗಳು ದೇವರ ಮುಂದೆ ಇರಬೇಕು, ನಳಿಗೆಗೆ ತೋಕ್‌ಪೂ ಎಂಬ ಹೂವು ಸಿಕ್ಕಿಸಿರಬೇಕು. ಪೂಜೆ ಆದಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇದ್ದೇ ಇರುತ್ತದೆ. ಈ ಸಲ ಅಭ್ಯಾಸಕ್ಕೆ ನಿಂತಾಗ ನಮ್ಮ .22 ರೈಫಲ್ ಯಾಕೋ ಮಾತು ಕೇಳಲಿಲ್ಲ. ಒಂದು ಗುಂಡು ಎಡಕ್ಕೆ, ಇನ್ನೊಂದು ಮೇಲಕ್ಕೆ.

ಅಪ್ಪ ತಮ್ಮ ತೋಳಿನ ಅಳತೆ ಕೊಟ್ಟು ಬೀಟೆ ಮರದಲ್ಲಿ ಸ್ಟಾಕ್, ಅಂದರೆ ಕಬ್ಬಿಣ ಕೂರುವ ಮರದ ಭಾಗ, ಮಾಡಿಸಿದ ರೈಫಲ್ ಅದು. ಗುಂಡು ತುಂಬುವಾಗ ಹಿಡಿದೆಳೆಯುವ ಬೋಲ್ಟಿನ ಗುಂಡಿ ಸವೆದು ಬೆಳ್ಳಗಾಗಿದೆ. ನಳಿಗೆಯ ತುದಿಯಲ್ಲಿ, ಕೈಯಲ್ಲಿ ಹಿಡಿದು ನಡೆಯುವಾಗ ಬೆರಳು ಕೂರುವ ಜಾಗದಲ್ಲಿ ಬ್ಲೂಯಿಂಗ್, ಅಂದರೆ ಕಬ್ಬಿಣದ ಮೇಲಿನ ಕಪ್ಪು ಲೇಪ, ಪೂರ್ತಿ ಸವೆದಿದೆ. "ಬಣ್ಣ ಎಲ್ಲ ಹೋಗಿದೆ, ಮೊದಲು ಅದನ್ನ ಮಾಡಿಸು" ಅಂದರು ಚಿಕ್ಕಪ್ಪ.

ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಒಯ್ದೆ. ಅವರು ಬಣ್ಣದ ಕಡೆ ನೋಡಲೇ ಇಲ್ಲ. ರೈಫಲ್ ಖಾಲಿ ಇದೆಯೆಂದು ಖಚಿತ ಮಾಡಿಕೊಂಡು, ನೂರರ ನೋಟೊಂದನ್ನು ನಳಿಗೆಗೂ ಮರಕ್ಕೂ ನಡುವೆ ತೂರಿಸಿ ಹಿಂದಕ್ಕೆ ಎಳೆದರು. ಅರ್ಧಕ್ಕೇ ಸಿಕ್ಕಿಕೊಂಡಿತು, ಅಂದರೆ ಅಲ್ಲಿ ಮರ ನಳಿಗೆಗೆ ತಾಗುತ್ತಿದೆ. ಆಮೇಲೆ ನನ್ನ ಬೆರಳನ್ನು ನಳಿಗೆ ಮತ್ತು ಮರ ಸೇರುವ ಅಂಚಿನ ಮೇಲೆ ಇಡಿಸಿ, ಕೆಳಗಿನ ಸ್ಕ್ರೂ ನಿಧಾನಕ್ಕೆ ಸಡಿಲ ಮಾಡಿದರು. ಬೆರಳ ಕೆಳಗೆ ನಳಿಗೆ ಮೇಲೆದ್ದದ್ದು ಗೊತ್ತಾಯಿತು. "ಸ್ಕ್ರೂ ಬಿಗಿದಾಗೆಲ್ಲ ಕಬ್ಬಿಣ ಬಗ್ಗುತ್ತಾ ಇದೆ. ಸರಿಯಾಗಿ ಕೂತಿಲ್ಲ" ಅಂದರು.

ಬಿಚ್ಚಿದ ಮೇಲೆ ಕಾರಣ ಕಂಡಿತು. ಸ್ಟಾಕಿನ ಹೊರಗೆ ಕನ್ನಡಿಯಂಥ ಪಾಲಿಶ್, ಒಳಗಿನ ಕೊರೆದ ಜಾಗ ಮಾತ್ರ ಪಾಲಿಶ್ ಕಾಣದ ಬರಿ ಮರ. ಮಳೆಗಾಲದ ತಿಂಗಳಾದ ಕಕ್ಕಡದ ಮಳೆಯ ತೇವವನ್ನು ಅದು ವರ್ಷವರ್ಷವೂ ಕುಡಿದಿದೆ, ಉಬ್ಬಿದೆ, ಬೇಸಿಗೆಗೆ ಕುಗ್ಗಿದೆ. ಬೀಟೆಯಂಥ ಗಟ್ಟಿ ಮರಕ್ಕೂ ಅದು ತಪ್ಪಿದ್ದಲ್ಲ.

ಅವರು ಎಣ್ಣೆಯಲ್ಲಿ ಕಲಸಿದ ದೀಪದ ಕಾಡಿಗೆಯನ್ನು ಕಬ್ಬಿಣಕ್ಕೆ ತೆಳ್ಳಗೆ ಸವರಿ, ಮರದಲ್ಲಿ ಕೂರಿಸಿ ತೆಗೆದರು. ಎಲ್ಲಿ ಕಪ್ಪು ಅಂಟಿತೋ ಅಲ್ಲಿ ಮರ ತಾಗುತ್ತಿದೆ ಎಂದರ್ಥ. ನಳಿಗೆಯ ಕಾಲುವೆಯಲ್ಲಿ ಬಲಗಡೆಗೆ ಉದ್ದಕ್ಕೂ ಕಪ್ಪು ಗೆರೆ! ಅಷ್ಟನ್ನೇ ಉಳಿಯಲ್ಲಿ ಕೆರೆದರು, ಮತ್ತೆ ಕಾಡಿಗೆ, ಮತ್ತೆ ಕೆರೆತ. ಎಷ್ಟು ತಾಳ್ಮೆ! ಕೊನೆಗೆ ಕಬ್ಬಿಣಕ್ಕೆ ಮೇಣ ಬಳಿದು, ಸ್ಕ್ರೂಗಳ ಸುತ್ತ ಕಲ್ಲಿನಂತೆ ಗಟ್ಟಿಯಾಗುವ ಎಪಾಕ್ಸಿ ಅಂಟು ತುಂಬಿ, ಕಬ್ಬಿಣವನ್ನು ಅದರ ಮೇಲೆ ಕೂರಿಸಿ ಗಟ್ಟಿಯಾಗಲು ಬಿಟ್ಟರು. ಮೇಣ ಇಲ್ಲದಿದ್ದರೆ ಕಬ್ಬಿಣ ಅಲ್ಲೇ ಅಂಟಿಕೊಂಡುಬಿಡುತ್ತದೆ, ಅಲ್ವಾ. ಮಾರನೆಯ ದಿನ ಬಿಡಿಸಿ, ಉಳಿದ ಬರಿ ಮರಕ್ಕೆಲ್ಲ ಅಗಸೆ ಎಣ್ಣೆ ಕುಡಿಸಿದರು.

ಬ್ಲೂಯಿಂಗ್ ಮಾಡಿಸಲಿಲ್ಲ. ಅದು ಬಣ್ಣವೇ ಅಲ್ಲ, ಕಬ್ಬಿಣದ ಮೇಲೆ ಬೇಕೆಂದೇ ಬರಿಸಿದ ಕಪ್ಪು ತುಕ್ಕಿನ ತೆಳು ಪದರ. ಹೊಸದಾಗಿ ಮಾಡಬೇಕಾದರೆ ಮೊದಲು ಉಜ್ಜಬೇಕು. ಉಜ್ಜಿದರೆ ನಳಿಗೆಯ ಮೇಲಿನ ಅಕ್ಷರಗಳು, ಚೂಪಾದ ಅಂಚುಗಳು ಮಾಸುತ್ತವೆ. ಸವೆದ ಜಾಗಕ್ಕೆ ಎಣ್ಣೆ ಬಟ್ಟೆ ಸಾಕು, ಕೆಂಪು ತುಕ್ಕು ಬರದಂತೆ ನೋಡಿಕೊಂಡರಾಯಿತು. ಅಪ್ಪನ ಬೆರಳು ಸವೆಸಿದ ಜಾಗವನ್ನು ಸುಮ್ನೆ ಹೊಳಪಿಗಾಗಿ ಅಳಿಸುವುದು ನನಗೆ ಇಷ್ಟವಿಲ್ಲ.

ಈಗ ಗುಂಡುಗಳು ಒಂದರ ಪಕ್ಕ ಒಂದು ಬೀಳುತ್ತಿವೆ. ಚಿಕ್ಕಪ್ಪ ಇನ್ನೂ ಬಣ್ಣದ ಮಾತು ಬಿಟ್ಟಿಲ್ಲ. ಮುಂದಿನ ಕಕ್ಕಡ ಕಳೆದ ಮೇಲೆ ಆ ನೋಟನ್ನು ಮತ್ತೆ ತೂರಿಸಿ ನೋಡಬೇಕು.