ಒಂದೇ ಓಣಿಯಲ್ಲಿ ಉಳಿಯುವ ಪೊಲೀಸರು

ನಮ್ಮ ಓಣಿಯ ಬೀಟ್ ನೋಡಿಕೊಳ್ಳುತ್ತಿದ್ದ ಒಬ್ಬ ಕಾನ್‌ಸ್ಟೇಬಲ್, ಯಾವ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇರುತ್ತಾರೆ, ಯಾರ ಮಗ ಜೀನ್ಸ್ ಹೊಲಿಯುವ ಕೆಲಸ ಮುಗಿಸಿ ತಡರಾತ್ರಿ ಮನೆಗೆ ಮರಳುತ್ತಾನೆ ಎಂಬುದನ್ನೆಲ್ಲ ಬಲ್ಲವರಾಗಿದ್ದರು. ನನ್ನ ತಾಯಿ ಅವರನ್ನು ‘ತಮ್ಮಾ’ ಎಂದೇ ಕರೆಯುತ್ತಿದ್ದರು. ಅವರಿಗೆ ವರ್ಗವಾದ ಮೇಲೆ ಬಂದವರ ಪರಿಚಯವಾಗುವಷ್ಟರಲ್ಲಿ ಮತ್ತೊಬ್ಬರು ಬಂದರು. ಅವರಿಗೂ ಜಾತ್ರೆ, ಮೆರವಣಿಗೆ, ಗಣ್ಯರ ಭೇಟಿಗಳ ಬಂದೋಬಸ್ತೇ ಹೆಚ್ಚಾಯಿತು. ಪಕ್ಕದ ಮನೆಯವರ ಬೈಕ್ ಕಳುವಾದಾಗ ಠಾಣೆಯಲ್ಲಿ ನಮ್ಮ ಓಣಿಯನ್ನು ಬಲ್ಲವರು ಯಾರೂ ಸಿಗಲಿಲ್ಲ. ಯೂರೋಪಿನ ನಗರಗಳು ಈ ಕೆಲಸವನ್ನು ಹೇಗೆ ನಿರ್ವಹಿಸುತ್ತವೆ ಎಂದು ನಾನು ಓದತೊಡಗಿದ್ದು ಆಗ.

ನೆದರ್‌ಲ್ಯಾಂಡ್ಸ್‌ನಲ್ಲಿ ಇದು ಅಧಿಕಾರಿಯ ಇಚ್ಛೆಗೆ ಬಿಟ್ಟ ವಿಷಯವಲ್ಲ. ಅಲ್ಲಿನ 2012ರ ಪೊಲೀಸ್ ಕಾಯ್ದೆಯ ಪ್ರಕಾರ 5,000 ನಿವಾಸಿಗಳಿಗೆ ಕನಿಷ್ಠ ಒಬ್ಬ ಬಡಾವಣೆ ಪೊಲೀಸ್ ಇರಲೇಬೇಕು. ಬೆಲ್ಜಿಯಂನಲ್ಲಿ ಈ ಪ್ರಮಾಣ 4,000 ಜನರಿಗೆ ಒಬ್ಬರು. ಮಕ್ಕಳ ಅಪಹರಣ ಮತ್ತು ಹತ್ಯೆಯ ಪ್ರಕರಣವೊಂದರಲ್ಲಿ ಪೊಲೀಸ್ ಪಡೆಗಳು ಪರಸ್ಪರ ಮಾಹಿತಿ ಹಂಚಿಕೊಳ್ಳದೆ ಎಡವಿದ್ದನ್ನು ಕಂಡು ಜನರು ಬೀದಿಗಿಳಿದ ನಂತರ, 1998ರ ಕಾನೂನಿನ ಮೂಲಕ ಆ ದೇಶವು ತನ್ನ ಪೊಲೀಸ್ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಿಕೊಂಡಿತು. ಆದರೆ ಸಂಖ್ಯೆಯನ್ನು ಕಾನೂನಿನಲ್ಲಿ ಬರೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಬಡಾವಣೆಯ ಪೊಲೀಸರನ್ನು ಬೇರೆ ಕೆಲಸಗಳಿಗೆ ಎಳೆದುಕೊಳ್ಳುತ್ತಾರೆಂಬ ದೂರು ಡಚ್ಚರಲ್ಲಿಯೂ ಇದೆ.

ಫ್ರಾನ್ಸಿನ ಅನುಭವ ಇನ್ನೂ ಕಹಿಯಾದದ್ದು. 1990ರ ದಶಕದ ಕೊನೆಯಲ್ಲಿ ಪ್ರಧಾನಿ ಜೋಸ್ಪಾನ್ ಅವರ ಸರ್ಕಾರವು, ಪೊಲೀಸರು ಬಡಾವಣೆಯ ಜನರೊಂದಿಗೆ ಬೆರೆತು ಕೆಲಸ ಮಾಡುವ ‘ಸಮೀಪದ ಪೊಲೀಸ್’ ಎಂಬ ವ್ಯವಸ್ಥೆಯನ್ನು ತಂದಿತು. 2003ರಲ್ಲಿ ಗೃಹಸಚಿವರಾಗಿದ್ದ ಸರ್ಕೋಝಿಯವರು, ಪೊಲೀಸರು ಸಮಾಜ ಸೇವಕರಲ್ಲ ಎಂಬ ನಿಲುವಿನಿಂದ ಅದನ್ನು ಕೈಬಿಟ್ಟರು. ಎರಡೇ ವರ್ಷಗಳಲ್ಲಿ, ಪೊಲೀಸರಿಗೆ ಹೆದರಿ ಓಡಿದ ಇಬ್ಬರು ಹುಡುಗರು ಪ್ಯಾರಿಸ್ಸಿನ ಹೊರವಲಯದ ವಿದ್ಯುತ್ ಉಪಕೇಂದ್ರವೊಂದರಲ್ಲಿ ಸತ್ತಾಗ, ವಾರಗಟ್ಟಲೆ ಗಲಭೆಗಳು ನಡೆದು ತುರ್ತು ಪರಿಸ್ಥಿತಿಯನ್ನೇ ಘೋಷಿಸಬೇಕಾಯಿತು. ಒಂದು ಯೋಜನೆಯ ರದ್ದತಿಯೇ ಅದಕ್ಕೆ ಕಾರಣವೆಂದು ನಾನು ಹೇಳಲಾರೆ. ಆದರೆ ಪೊಲೀಸರನ್ನು ಕಂಡು ಮಕ್ಕಳು ಓಡುವ ಬಡಾವಣೆಯಲ್ಲಿ ಅವರ ಹೆಸರು ಬಲ್ಲ ಒಬ್ಬ ಪೊಲೀಸ್ ಇರುವುದಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸವಿದೆ ಎಂದು ನಂಬುತ್ತೇನೆ. 2018ರಲ್ಲಿ ಅದೇ ಆಲೋಚನೆಯನ್ನು ಬೇರೆ ಹೆಸರಿನಲ್ಲಿ ಮರಳಿ ತರಲಾಯಿತು.

ಬಳ್ಳಾರಿಯವನಾದ ನನ್ನನ್ನು ಹೆಚ್ಚು ಕಾಡಿದ್ದು ಐರ್ಲೆಂಡ್. 1829ರಲ್ಲಿ ಲಂಡನ್ನಿಗೆ ಬಂದೂಕಿಲ್ಲದ ಪೊಲೀಸ್ ಪಡೆಯನ್ನು ಕೊಟ್ಟ ಬ್ರಿಟಿಷ್ ರಾಜಕಾರಣಿ ರಾಬರ್ಟ್ ಪೀಲ್, ಅದಕ್ಕೂ ಮೊದಲು, 1814ರಲ್ಲಿ, ಬ್ರಿಟಿಷರ ಆಳ್ವಿಕೆಯಲ್ಲಿದ್ದ ಐರ್ಲೆಂಡಿನಲ್ಲಿ ಬೇರೆಯೇ ಬಗೆಯ ಪಡೆಗೆ ಅಡಿಪಾಯ ಹಾಕಿದ್ದರು. ಅದರಿಂದ ಬೆಳೆದ ಐರಿಷ್ ಕಾನ್‌ಸ್ಟಾಬ್ಯುಲರಿಯವರು ಶಸ್ತ್ರ ಹಿಡಿದು ಬ್ಯಾರಕ್‌ಗಳಲ್ಲಿ ವಾಸಿಸುತ್ತಿದ್ದರು. ಸ್ಥಳೀಯರೊಂದಿಗೆ ಬಾಂಧವ್ಯ ಬೆಳೆಯಬಾರದೆಂದು ಅವರನ್ನು ಹುಟ್ಟಿದ ಕೌಂಟಿಯಲ್ಲಿ ನೇಮಿಸುತ್ತಿರಲಿಲ್ಲ. ನಮ್ಮ ಜಿಲ್ಲೆ ಸೇರಿದ್ದ ಮದ್ರಾಸ್ ಪ್ರಾಂತ್ಯದ 1859ರ ಪೊಲೀಸ್ ಕಾಯ್ದೆಗೂ, ನಂತರ ಬಂದ 1861ರ ಭಾರತೀಯ ಪೊಲೀಸ್ ಕಾಯ್ದೆಗೂ ಮಾದರಿಯಾದದ್ದು ಲಂಡನ್ನಿನ ಪಡೆಯಲ್ಲ, ಈ ಐರಿಷ್ ಪಡೆ. ಐರ್ಲೆಂಡಾದರೋ, 1922ರಲ್ಲಿ ಆ ಪಡೆ ವಿಸರ್ಜನೆಯಾದಾಗ, ಸಮವಸ್ತ್ರದವರು ಸಾಮಾನ್ಯವಾಗಿ ಬಂದೂಕು ಹಿಡಿಯದ ‘ಗಾರ್ಡಾ’ ಪಡೆಯನ್ನು ಕಟ್ಟಿಕೊಂಡಿತು. ಬ್ರಿಟನ್ನಿನಲ್ಲಿಯೇ ಉಳಿದ ಉತ್ತರ ಐರ್ಲೆಂಡಿನಲ್ಲಿಯೂ, ಪೊಲೀಸ್ ಸುಧಾರಣೆಯ ಕುರಿತ 1999ರ ಪ್ಯಾಟನ್ ವರದಿಯ ನಂತರ, ಹತ್ತು ವರ್ಷಗಳ ಕಾಲ ಹೊಸ ನೇಮಕಾತಿಯಲ್ಲಿ ಅರ್ಧದಷ್ಟನ್ನು, ಪಡೆಯಲ್ಲಿ ತೀರಾ ಕಡಿಮೆಯಿದ್ದ ಕ್ಯಾಥೊಲಿಕರಿಗೆ ಮೀಸಲಿಟ್ಟರು. ಕರ್ನಾಟಕಕ್ಕೆ 1963ರಲ್ಲಿ ಸ್ವಂತ ಕಾಯ್ದೆ ಬಂದಿತಾದರೂ, ಆ ಹಳೆಯ ಅಂತರದ ನೆರಳು ಇಂದಿಗೂ ಠಾಣೆಯ ಮೆಟ್ಟಿಲ ಮೇಲೆ ನಮ್ಮವರನ್ನು ಹಿಂಜರಿಯುವಂತೆ ಮಾಡುತ್ತದೆ.

2025ರಲ್ಲಿ ರಾಜ್ಯದಲ್ಲಿ ಆರಂಭವಾದ ‘ಮನೆ ಮನೆಗೆ ಪೊಲೀಸ್’ ಯೋಜನೆಯನ್ನು ನಾನು ಮನಃಪೂರ್ವಕವಾಗಿ ಸ್ವಾಗತಿಸುತ್ತೇನೆ. ಆದರೆ ಒಮ್ಮೆ ಬಂದು ಹೋಗುವವರಿಗಿಂತ ಮತ್ತೆ ಮತ್ತೆ ಬರುವವರು ನಮಗೆ ಬೇಕು. ಈ ಸಲ ಗಣೇಶ ಹಬ್ಬಕ್ಕೆ ಮುಂಚಿನ ಶಾಂತಿ ಸಭೆಯಲ್ಲಿ ಎರಡು ಬೇಡಿಕೆಗಳನ್ನು ಬರೆದುಕೊಡಲಿದ್ದೇನೆ: ಬೀಟ್ ಸಿಬ್ಬಂದಿಯನ್ನು ಕನಿಷ್ಠ ಮೂರು ವರ್ಷ ಅದೇ ಬೀಟಿನಲ್ಲಿ ಉಳಿಸಬೇಕು, ಹಬ್ಬಕ್ಕೆ ಮಾತ್ರ ಕರೆಯುವ ಈ ಸಭೆಯನ್ನು ಮೂರು ತಿಂಗಳಿಗೊಮ್ಮೆ ನಮ್ಮ ಓಣಿಯಲ್ಲಿಯೇ, ಹೆಂಗಸರಿಗೂ ಬರಲು ಅನುಕೂಲವಾಗುವ ಸಂಜೆಯ ಹೊತ್ತಿನಲ್ಲಿ ನಡೆಸಬೇಕು. ಮನವಿಗೆ ಮೊದಲ ಸಹಿಯನ್ನು ತಾಯಿ ಹಾಕಿದ್ದಾರೆ.