ಕೈಗೆ ಒಗ್ಗುವ ಕೋವಿ

ನಲವತ್ತೊಂದು ವರ್ಷ ವಯಸ್ಸಾಗುವವರೆಗೆ ನಾನು ಕೋವಿಯನ್ನು ಕೈಯಲ್ಲಿ ಹಿಡಿದವಳಲ್ಲ. ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ಕೋವಿ ಇರಲಿಲ್ಲವೆಂದಲ್ಲ. ಅಜ್ಜಯ್ಯನ ಜೋಡುನಳಿಗೆಯ ತೋಟಾಕೋವಿ ನಡುಮನೆಯ ಗೂಟಕ್ಕೆ ನೇತುಬಿದ್ದಿರುತ್ತಿತ್ತು, ಬೆಳೆ ರಕ್ಷಣೆಯ ಲೈಸೆನ್ಸ್ ಪುಸ್ತಕ ದೇವರ ಕೋಣೆಯ ಕಪಾಟಿನಲ್ಲಿರುತ್ತಿತ್ತು, ಚುನಾವಣೆ ಬಂದಾಗಲೆಲ್ಲ ಅದನ್ನು ಗೋಣಿಯಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ತರುವುದು ಗಂಡಸರ ಕೆಲಸವಾಗಿತ್ತು. ಹೆಣ್ಣುಮಕ್ಕಳು ಧೂಳು ಒರೆಸುವ ನೆಪದಲ್ಲಿಯೂ ಅದನ್ನು ಮುಟ್ಟುವಂತಿರಲಿಲ್ಲ. ಅಂಥ ಮನೆಯಿಂದ ಬಂದವಳು ಮೇ ತಿಂಗಳ ಒಂದು ಶನಿವಾರ ಅಲಾಸ್ಕಾದ ಆಂಕರೇಜಿನಲ್ಲಿ, ಬಂದೂಕಿನ ಅಂಗಡಿಯೊಂದರ ಗಾಜಿನ ಕಟ್ಟೆಯ ಮುಂದೆ ನಿಂತು, ಕರಡಿಯಿಂದ ಜೀವ ಉಳಿಸಿಕೊಳ್ಳಲು ಯಾವ ಕೈಕೋವಿ ತಕ್ಕುದೆಂದು ಕೇಳುತ್ತಿದ್ದೆ.

ಹಾಗೆ ಕೇಳಲು ಕಾರಣವಿತ್ತು. ಹಿಂದಿನ ವರ್ಷ ಶರತ್ಕಾಲದಲ್ಲಿ ಆಂಕರೇಜಿನ ಮಗ್ಗುಲಿನ ಚುಗಾಚ್ ಬೆಟ್ಟದ ಕಾಲುದಾರಿಯ ತಿರುವಿನಲ್ಲಿ, ನನ್ನಿಂದ ಮೂವತ್ತು ಹೆಜ್ಜೆ ದೂರದಲ್ಲಿ ಕಂದುಕರಡಿಯೊಂದು ಹಿಂಗಾಲಿನ ಮೇಲೆ ಎದ್ದು ನಿಂತು, ಮೂಗು ಅಲ್ಲಾಡಿಸಿ, ಮತ್ತೆ ಕೆಳಗಿಳಿದು ಪೊದೆಯೊಳಗೆ ಹೋಗಿಬಿಟ್ಟಿತ್ತು. ಅದು ಎದ್ದು ನಿಂತದ್ದು ಕುತೂಹಲಕ್ಕೇ ಹೊರತು ಸಿಟ್ಟಿಗಲ್ಲವೆಂದು ಆಮೇಲೆ ಬಲ್ಲವರು ಹೇಳಿದರು. ಆದರೆ ಕರಡಿ ಗಂಟೆಗೆ ಸುಮಾರು 55 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು, ಅಂದರೆ ಆ ಮೂವತ್ತು ಹೆಜ್ಜೆಯನ್ನು ದಾಟಲು ಅದಕ್ಕೆ ಎರಡು ಸೆಕೆಂಡೂ ಬೇಕಿರಲಿಲ್ಲ ಎಂಬ ಲೆಕ್ಕ ರಾತ್ರಿ ಮಲಗಿದಾಗಲೆಲ್ಲ ನೆನಪಾಗುತ್ತಿತ್ತು.

ಸೊಂಟದಲ್ಲಿ ಖಾರದ ಸ್ಪ್ರೇ ಆಗಲೂ ಇತ್ತು, ಈಗಲೂ ಇದೆ. ಅಲಾಸ್ಕಾದಲ್ಲಿ ಸ್ಪ್ರೇ ಬಳಸಿದ ಪ್ರಕರಣಗಳನ್ನು ಕಲೆಹಾಕಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಂದುಕರಡಿಯ ಉಪಟಳ ನೂರಕ್ಕೆ 92 ಸಲ ನಿಂತಿತ್ತು. ಅದೇ ಸಂಶೋಧಕರ ತಂಡ 2012ರಲ್ಲಿ ಬಂದೂಕಿನ 269 ಪ್ರಕರಣಗಳನ್ನು ನೋಡಿದಾಗ ಕೈಕೋವಿಗೆ ಸಿಕ್ಕ ಅಂಕ 84, ಉದ್ದನಳಿಗೆಯ ಕೋವಿಗೆ 76. ಇವನ್ನು ಪರೀಕ್ಷೆಯ ಅಂಕದಂತೆ ಅಕ್ಕಪಕ್ಕ ಇಡುವುದು ಸರಿಯಲ್ಲ, ಏಕೆಂದರೆ ಸ್ಪ್ರೇಯ ಲೆಕ್ಕದಲ್ಲಿ ಸುಮ್ಮನೆ ಮೂಸಲು ಬಂದ ಕರಡಿಗಳೂ ಸೇರಿವೆ. ಆದರೂ ನನ್ನ ಗಂಡ ಸ್ಪ್ರೇಯೊಂದೇ ಸಾಕೆಂದು ವಾದಿಸುತ್ತಿದ್ದ. ನಾನಾದರೋ ಹೊಳೆಯ ಮೇಲಿನಿಂದ ಬೀಸುವ ಗಾಳಿ ಎಂಟೊಂಬತ್ತು ಮೀಟರಿನ ಆ ಖಾರದ ಮೋಡವನ್ನು ತಿರುಗಿಸಿ ನನ್ನ ಕಣ್ಣಿಗೇ ತುಂಬಿದರೆ ಏನು ಗತಿಯೆಂದು ಕೇಳುತ್ತಿದ್ದೆ.

ಅಂಗಡಿಯಾತ ಅರವತ್ತು ದಾಟಿದ ಮನುಷ್ಯ. ನನ್ನ ಪ್ರಶ್ನೆಗೆ ಮರುಮಾತಾಡದೆ ಹಸಿರು ಬಟ್ಟೆ ಹಾಸಿ, ಅದರ ಮೇಲೆ ಒಂದೊಂದಾಗಿ ಇಡುತ್ತಾ ಹೋದ. ಮೊದಲು ಬಂದದ್ದು 2003ರಲ್ಲಿ ಮಾರುಕಟ್ಟೆಗೆ ಬಂದ, ಅರ್ಧ ಅಂಗುಲ ದಪ್ಪದ ಗುಂಡು ಹಾರಿಸುವ .500 ಮ್ಯಾಗ್ನಮ್ಮಿನ ರಿವಾಲ್ವರ್. ಅದನ್ನು ಎತ್ತಿದಾಗ ಅಡಿಕೆ ಕತ್ತರಿ ಕೇಳಿದವಳಿಗೆ ಒನಕೆ ಕೊಟ್ಟಂತಾಯಿತು. ಮುಂದಿನದು ಎರಡೂವರೆ ಅಂಗುಲದ ಮೊಂಡು ನಳಿಗೆಯ, ಹೆಸರೇ 'ಅಲಾಸ್ಕನ್' ಎಂದಿರುವ, ರೂಗರ್ ಕಂಪನಿಯ ರಿವಾಲ್ವರ್. ತೂಕ ಒಂದೂಕಾಲು ಕಿಲೋ. ಆಮೇಲೆ .44 ಮ್ಯಾಗ್ನಮ್, ಇಲ್ಲಿನ ಮೀನುಗಾರರು ಎದೆಗೆ ಕಟ್ಟಿಕೊಳ್ಳುವ ಪಟ್ಟಿಯಲ್ಲಿ ಬಹುಕಾಲದಿಂದ ಕಾಣಿಸುವಂಥದ್ದು. ಕೊನೆಗೆ ಹದಿನೈದು ತೋಟಾ ಹಿಡಿಸುವ 10 ಮಿ.ಮೀ. ಪಿಸ್ತೂಲು. ಗ್ರೀನ್‌ಲ್ಯಾಂಡಿನಲ್ಲಿ ನಾಯಿಬಂಡಿ ಹೂಡಿ ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ಪಡೆಯವರು ಹಿಮಕರಡಿಗೆಂದು ಒಯ್ಯುವುದು ಈ ಅಳತೆಯದನ್ನೇ. ಯಾವುದನ್ನು ಕೊಂಡರೂ ಮುಂದಿನ ಗುರಿಮೊಳೆಯನ್ನು ಅರದಿಂದ ಉಜ್ಜಿ ನುಣುಪು ಮಾಡಿಸಿಕೊಳ್ಳಿ, ಕರಡಿ ಅದನ್ನು ಕಿತ್ತುಕೊಂಡು ನಿಮಗೇ ತುರುಕಿದಾಗ ನೋವಾಗಬಾರದಲ್ಲ, ಎಂದು ಆತ ಇಲ್ಲಿನ ಹಳೆಯ ನಗೆಮಾತನ್ನು ಹೇಳಿದ. ಹೊಸಬರಿಗೆಲ್ಲ ಅದನ್ನು ಹೇಳುತ್ತಾರೆಂದು ಗೊತ್ತಿದ್ದೂ ನಕ್ಕೆ.

ಮಾತಿಗಿಂತ ಈಡು ಹೊಡೆದು ನೋಡುವುದೇ ಲೇಸೆಂದು ಗುಂಡಿನ ಅಭ್ಯಾಸದ ಅಂಕಣಕ್ಕೆ ಹೋಗಿ, ಬಾಡಿಗೆಗೆ ಮೂರು ಕೋವಿಗಳನ್ನು ಪಡೆದೆವು. ಏಳು ಮೀಟರ್ ದೂರದಲ್ಲಿ ಊಟದ ಕಾಗದದ ತಟ್ಟೆಯೊಂದನ್ನು ನೇತುಹಾಕಲಾಯಿತು. .44ರ ಮೊದಲ ಈಡಿಗೇ ನಳಿಗೆ ಚಾವಣಿಯ ಕಡೆ ಎದ್ದಿತು, ಹೆಬ್ಬೆರಳಿನ ಬುಡದಲ್ಲಿ ಒನಕೆಪೆಟ್ಟು ಬಿದ್ದಂತೆ ಉರಿ ಹತ್ತಿತು, ತಟ್ಟೆ ಮಾತ್ರ ಅಲ್ಲಾಡಲಿಲ್ಲ. ಎರಡನೆಯ ಈಡಿಗೆ ಮುಂಚೆ ನನ್ನ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಮೂರನೆಯದಕ್ಕೆ, ಪಕ್ಕದಲ್ಲಿದ್ದ ಶಿಕ್ಷಕಿ ನನಗೆ ಕಾಣದಂತೆ ತೋಟಾದ ಖಾಲಿ ಕೊಟ್ಟೆ ತುಂಬಿಸಿದ್ದಳು. ಸಿಡಿಯದ ಕೋವಿಯ ಮೂತಿಯನ್ನು ನಾನೇ ಕೆಳಕ್ಕೆ ಜಗ್ಗಿದ್ದು ನನಗೇ ಕಂಡು ನಾಚಿಕೆಯಾಯಿತು. ಒದೆತ ಕೋವಿಯೊಳಗಿಂತ ಮೊದಲು ತಲೆಯೊಳಗೆ ಹುಟ್ಟುತ್ತದೆಂದು ಆಕೆ ಹೇಳಿದಳು. 10 ಮಿ.ಮೀ. ಪಿಸ್ತೂಲು ಒದೆತದಲ್ಲಿ ಸೌಮ್ಯವಾಗಿತ್ತು, ಆದರೆ ಅದರ ಹಿಡಿ ದಪ್ಪ, ನನ್ನ ಬೆರಳು ಗಿಡ್ಡ. ಟ್ರಿಗರಿಗೆ ಬೆರಳ ತುದಿಯಷ್ಟೇ ತಾಗುತ್ತಿತ್ತು. ಮಣಿಕಟ್ಟು ಸಡಿಲಬಿಟ್ಟದ್ದರಿಂದ ಎರಡು ಸಲ ಖಾಲಿ ಕೊಟ್ಟೆ ಹೊರಬೀಳದೆ ಸಿಕ್ಕಿಕೊಂಡಿತು. ತಪ್ಪು ನನ್ನ ಮಣಿಕಟ್ಟಿನದೇ ಆದರೂ, ಎರಡು ಸೆಕೆಂಡಿನಲ್ಲಿ ಅದನ್ನು ತಿದ್ದಿಕೊಳ್ಳುವಷ್ಟು ವ್ಯವಧಾನವನ್ನು ಕರಡಿ ಕೊಡುವುದಿಲ್ಲ.

ಮೂರನೆಯದು ನಾಲ್ಕಂಗುಲ ನಳಿಗೆಯ ಉಕ್ಕಿನ .357 ಮ್ಯಾಗ್ನಮ್ ರಿವಾಲ್ವರ್. 1935ರಲ್ಲಿ ಹುಟ್ಟಿದ ಈ ತೋಟಾವನ್ನು ಇಲ್ಲಿನ ಬಹಳಷ್ಟು ಜನ ಕರಡಿಗೆ ಕನಿಷ್ಠ ಎನ್ನುತ್ತಾರೆ, ಕೆಲವರು ಅದೂ ಸಾಲದೆನ್ನುತ್ತಾರೆ. ಆದರೆ ಒಂದು ಕಿಲೋ ಮೀರಿದ ಅದರ ಉಕ್ಕೇ ಒದೆತವನ್ನು ನುಂಗಿಕೊಂಡು, ಆರರಲ್ಲಿ ಐದು ಗುಂಡು ತಟ್ಟೆಯೊಳಗೆ ಬಿದ್ದವು. ಮನುಷ್ಯರ ವಿರುದ್ಧ ಬಳಸುವ, ಒಳಹೊಕ್ಕು ಅರಳುವ ಗುಂಡು ಕರಡಿಯ ಭುಜದ ಸ್ನಾಯು ಮತ್ತು ಕೊಬ್ಬಿನಲ್ಲಿಯೇ ನಿಂತುಹೋಗಬಹುದಾದ್ದರಿಂದ, ಆಳಕ್ಕೆ ಇಳಿಯುವ 'ಹಾರ್ಡ್ ಕಾಸ್ಟ್' ಎಂಬ ಗಟ್ಟಿ ಸೀಸದ, ಮೂತಿ ಚಪ್ಪಟೆಯಾದ ಗುಂಡನ್ನೇ ತುಂಬಬೇಕೆಂದು ಶಿಕ್ಷಕಿ ಹೇಳಿಕೊಟ್ಟಳು. ಕರಡಿ ಮೈಮೇಲೆ ಬಿದ್ದಾಗ ನಳಿಗೆಯನ್ನು ಅದರ ಮೈಗೆ ಒತ್ತಿ ಹಿಡಿದರೆ ಪಿಸ್ತೂಲಿನ ಜಾರುಭಾಗ ಹಿಂದೆ ಸರಿದು ಗುಂಡು ಹಾರದೆ ಹೋಗಬಹುದು, ರಿವಾಲ್ವರಿಗೆ ಆ ತೊಡಕಿಲ್ಲ ಎಂಬ ಮಾತನ್ನೂ ಸೇರಿಸಿದಳು. ಆ ಚಿತ್ರವನ್ನು ನಾನು ಹೆಚ್ಚು ಬೆಳೆಸಲು ಹೋಗಲಿಲ್ಲ.

ಆ .357 ರಿವಾಲ್ವರನ್ನೇ ಆರಿಸಿಕೊಂಡೆ; ಕೊಳ್ಳುವ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಫಾರಂ ತುಂಬಿಸಿ, ಗ್ರೀನ್ ಕಾರ್ಡಿನ ಸಂಖ್ಯೆ ಬರೆದು, ಹಿನ್ನೆಲೆ ತಪಾಸಣೆಯ ಉತ್ತರ ಬಂದ ಕೂಡಲೇ ಪೆಟ್ಟಿಗೆ ನನ್ನ ಕೈಗೆ ಬಂತು. ಅಲಾಸ್ಕಾದಲ್ಲಿ 2003ರಿಂದ ಅದನ್ನು ಮರೆಮಾಡಿ ಒಯ್ಯಲೂ ಪರವಾನಗಿ ಬೇಕಿಲ್ಲ. ತಹಸೀಲ್ದಾರರ ವರದಿ, ಠಾಣೆಯ ವರದಿ, ನವೀಕರಣವೆಂದು ಅಲೆದು ಚಪ್ಪಲಿ ಸವೆಸಿದ ಅಜ್ಜಯ್ಯನಿಗೆ ಇದನ್ನು ಹೇಳಿದ್ದರೆ ನಂಬುತ್ತಿರಲಿಲ್ಲ. ನನಗೂ ಆ ಸಲೀಸು ಅಷ್ಟೇನೂ ಹಿತವಾಗಲಿಲ್ಲ. ಕೊಳ್ಳುವಾಗ ಇಲ್ಲದ ಬಿಗಿ ಹೊಡೆದ ಮೇಲೆ ಇದೆ: ಜೀವ ರಕ್ಷಣೆಗೆಂದು ಕರಡಿಯನ್ನು ಕೊಂದರೆ, ಉಗುರು ಸಹಿತ ಚರ್ಮವನ್ನೂ ತಲೆಬುರುಡೆಯನ್ನೂ ನಾವೇ ಬಿಡಿಸಿ ಸರ್ಕಾರಕ್ಕೆ ಒಪ್ಪಿಸಿ, 15 ದಿನದೊಳಗೆ ವರದಿ ಬರೆದುಕೊಡಬೇಕು.

ಜೂನ್ 11ಕ್ಕೆ ಅಲಾಸ್ಕಾದಲ್ಲೇ ಇರುವ ರಷ್ಯನ್ ಎಂಬ ಹೆಸರಿನ ನದಿಯಲ್ಲಿ ಕೆಂಪು ಸಾಲ್ಮನ್ ಹಿಡಿಯುವ ಕಾಲ ತೆರೆಯುತ್ತದೆ. ಅದಾದ ಎರಡನೆಯ ವಾರ, ರಾತ್ರಿ ಹತ್ತು ಗಂಟೆಯ ಹಗಲಿನಲ್ಲಿ, ಜಿನುಗುವ ಮಳೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ನಿಂತಿದ್ದೆ. ಗಾಳ ಆಗಷ್ಟೇ ಕಚ್ಚಿತ್ತು; ಬಲಗೈಯಲ್ಲಿ ಕೋಲು, ಎಡಗೈಯಲ್ಲಿ ದಾರ, ದಾರದ ತುದಿಯಲ್ಲಿ ನೀರು ಸಿಡಿಸಿ ಒದ್ದಾಡುವ ಮೀನು. ಆ ಸದ್ದು ಕರಡಿಗೆ ಊಟದ ಗಂಟೆಯಿದ್ದಂತೆ. "ಕರಡಿ! ಹಿಂದೆ ಬಾ!" ಎಂದು ಗಂಡ ಕನ್ನಡದಲ್ಲಿಯೇ ಕೂಗಿದ. ದಡದ ಹುಲ್ಲನ್ನು ಸೀಳಿಕೊಂಡು ಎಳೆಪ್ರಾಯದ ಕಂದುಕರಡಿಯೊಂದು ನಲವತ್ತು ಹೆಜ್ಜೆ ದೂರದಲ್ಲಿ, ನನ್ನನ್ನಲ್ಲ, ನನ್ನ ಮೀನನ್ನು ನೋಡುತ್ತಾ ಬರುತ್ತಿತ್ತು. ಕೈ ಎದೆಗೆ ಹೋಯಿತು. ಅಲ್ಲಿ ಸಿಕ್ಕಿದ್ದು ಮಳೆಯಂಗಿಯ ಒದ್ದೆ ಬಟ್ಟೆ. ಕೋವಿ ಅದರ ಒಳಗೆ, ಕುತ್ತಿಗೆಯವರೆಗೆ ಎಳೆದ ಜಿಪ್ಪಿನ ಹಿಂದೆ, ಬೆಚ್ಚಗೆ ಕುಳಿತಿತ್ತು. ಕರಡಿ ಬಂದರೆ ದಾರ ಕತ್ತರಿಸಿ ಮೀನನ್ನು ಬಿಟ್ಟುಬಿಡಬೇಕೆಂಬ ಇಲ್ಲಿನ ಪಾಠವೊಂದೇ ಆಗ ನೆನಪಿಗೆ ಬಂದದ್ದು. ಸೊಂಟಕ್ಕೆ ನೇತುಹಾಕಿದ್ದ, ಉಗುರು ಕತ್ತರಿಯಂಥ ಪುಟ್ಟ ಕತ್ತರಿಯಿಂದ ದಾರ ತುಂಡರಿಸಿದೆ. ಮೀನು ಹೋಯಿತು, ಸದ್ದು ನಿಂತಿತು. ನಾವು ಏಳೆಂಟು ಜನ ಒಟ್ಟಾಗಿ, ಜೋರಾಗಿ ಮಾತಾಡುತ್ತಾ ಹಿಂದೆ ಸರಿದೆವು. ಕರಡಿ ನಾನು ನಿಂತಿದ್ದ ಜಾಗವನ್ನು ಮೂಸಿ, ಯಾರೋ ಸೀಳಿ ಬಿಸಾಡಿದ್ದ ಮೀನಿನ ಮೂಳೆಯೊಂದನ್ನು ಕಚ್ಚಿಕೊಂಡು ಹೋಯಿತು.

ಮನೆಗೆ ಬಂದ ಮೇಲೆ ಎದೆಯ ಪಟ್ಟಿಯನ್ನು ಮಳೆಯಂಗಿಯ ಮೇಲಕ್ಕೆ ಬರುವಂತೆ ಉದ್ದ ಮಾಡಿಕೊಂಡೆ. ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು, ಖಾಲಿ ಕೋವಿಯನ್ನು ಎರಡೆರಡು ಸಲ ತೆರೆದು ನೋಡಿ, ಎಡಗೈಯಲ್ಲಿ ಗಾಳದ ಕೋಲಿನ ಬದಲು ಪೊರಕೆ ಹಿಡಿದು, ಬಲಗೈಯಿಂದ ಕೋವಿ ಹೊರತೆಗೆಯುವುದನ್ನು ದಿನಾ ಸಂಜೆ ಅಭ್ಯಾಸ ಮಾಡತೊಡಗಿದೆ. ಒಂದು ಸಂಜೆ ಕೋವಿಯನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿಯುವಷ್ಟರಲ್ಲಿ ಊರಿನಿಂದ ಅಮ್ಮನ ವಿಡಿಯೋ ಕರೆ ಬಂತು. ಮಳೆಯಂಗಿ ತೊಟ್ಟು ಪೊರಕೆ ಹಿಡಿದು ನಿಂತವಳನ್ನು ಕಂಡು ಅವಳು ಕೇಳಿದಳು: "ಅಲ್ಲೇನು ಮನೆಯೊಳಗೂ ಸೋರ್ತದೇನೇ?"