"ಅಳೆದು ಹೇಳಪ್ಪ" ಅಂದಾಗ: ಮಷಿನ್ ಶಾಪ್ ಇಂಟರ್‌ವ್ಯೂಗೆ ಹೋಗುವವರಿಗೆ

ಇಂಟರ್‌ವ್ಯೂ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಐಟಿ ಕಂಪನಿಯ ಎಸಿ ರೂಮಿಗೆ ಹೊಂದುವಂಥವು. ಪೀಣ್ಯ, ಬೊಮ್ಮಸಂದ್ರ, ಬಿಡದಿ, ನರಸಾಪುರದ ಕಡೆ, ಲೋಹದ ಬಿಡಿಭಾಗ ಮಾಡುವ ಮಷಿನ್ ಶಾಪುಗಳಲ್ಲಿ ಮೊದಲ ಕೆಲಸ ಹುಡುಕುವ ಡಿಪ್ಲೊಮಾ, ಐಟಿಐ ಹುಡುಗ ಹುಡುಗಿಯರಿಗೆ ಅವು ಅಷ್ಟಾಗಿ ಉಪಯೋಗಕ್ಕೆ ಬರಲ್ಲ. ಅಲ್ಲಿ ಎದುರು ಕೂರುವವರು ಪ್ರೊಡಕ್ಷನ್ ಮ್ಯಾನೇಜರ್ ಅಥವಾ ಕ್ವಾಲಿಟಿ ಇನ್‌ಚಾರ್ಜ್. ಎಷ್ಟೋ ಕಡೆ ಮೇಜಿನ ಮೇಲೆ ಒಂದು ವರ್ನಿಯರ್ (ಜಾರುವ ಸ್ಕೇಲಿರುವ ಅಳತೆ ಸಾಧನ), ಒಂದು ಕಾಂಪೊನೆಂಟ್ (ಅಲ್ಲಿ ಮಾಡಿದ ಬಿಡಿಭಾಗ), ಒಂದು ಡ್ರಾಯಿಂಗ್ ಇಟ್ಟಿರುತ್ತಾರೆ. "ಅಳೆದು ಹೇಳಪ್ಪ" ಅಂತಾರೆ. ನಿಮ್ಮ ಬಗ್ಗೆ ಅವರಿಗೆ ಅಭಿಪ್ರಾಯ ಹುಟ್ಟೋದು ಮುಂದಿನ ಒಂದು ನಿಮಿಷದಲ್ಲಿ, ನೀವು ಬಾಯಿ ಬಿಡುವ ಮುಂಚೆಯೇ. ಅವರು ನೋಡೋದು ನಿಮ್ಮ ಕೈಯನ್ನು.

ಆ ಒಂದು ನಿಮಿಷವನ್ನು ಸರಿಯಾಗಿ ಕಲಿತುಕೊಳ್ಳಿ. ಕಾಂಪೊನೆಂಟ್ ಎತ್ತಿಕೊಂಡು ತಕ್ಷಣ ಅಳೆಯಬೇಡಿ. ಮೊದಲು ವರ್ನಿಯರಿನ ಜಾ (ಕಚ್ಚಿ ಹಿಡಿಯುವ ದವಡೆ) ಒರೆಸಿ, ಕಾಂಪೊನೆಂಟನ್ನೂ ಒರೆಸಿ. ಎಣ್ಣೆ, ಬರ್ (ಅಂಚಿನಲ್ಲಿ ಉಳಿದ ಲೋಹದ ಚೂಪು), ಧೂಳು ಇದ್ದರೆ ರೀಡಿಂಗ್ ಅಲ್ಲೇ ಕೆಟ್ಟಿತು. ಜಾ ಮುಚ್ಚಿ ಝೀರೊ ಕೂಡುತ್ತಾ ನೋಡಿ. ಜಾರುವ ವರ್ನಿಯರ್ ಸ್ಕೇಲಿನ ಸೊನ್ನೆ ಮೇನ್ ಸ್ಕೇಲಿನ ಸೊನ್ನೆಗಿಂತ ಬಲಕ್ಕೆ ನಿಂತರೆ ಪಾಸಿಟಿವ್ ಎರರ್, ಕೊನೆಗೆ ಅದನ್ನು ಕಳೆಯಬೇಕು: ರೀಡಿಂಗ್ 24.98, ಎರರ್ 0.04 ಇದ್ದರೆ ನಿಜವಾದ ಅಳತೆ 24.94 ಮಿ.ಮೀ. ಹೊರವ್ಯಾಸ ಅಳೆಯುವಾಗ ಕಾಂಪೊನೆಂಟನ್ನು ಜಾದ ತುದಿಯಲ್ಲಿ ಕಚ್ಚಿಸದೆ ಸ್ಕೇಲಿನ ಹತ್ತಿರಕ್ಕೆ ತನ್ನಿ. ತುದಿಯಲ್ಲಿ ಹಿಡಿದು ಒತ್ತಿದರೆ ಜಾ ವಾಲಿ ಅಳತೆ ಕಡಿಮೆ ತೋರಿಸುತ್ತೆ. ಸ್ಕೇಲನ್ನು ನೇರ ಎದುರಿನಿಂದ ಓದಿ, ಓರೆಯಾಗಿ ಬೇಡ. ಮೂರು ಕಡೆ ಅಳೆದು ಮೂರೂ ಹೇಳಿ. "ಸರ್, ಇಲ್ಲಿ 24.94, ಇಲ್ಲಿ 24.96, ಸ್ವಲ್ಪ ಓವಲ್ ಇದೆ ಅನ್ಸುತ್ತೆ" ಅನ್ನುವ ಒಂದು ಮಾತಿಗೆ ಇರುವ ಬೆಲೆ ಬಾಯಿಪಾಠ ಮಾಡಿದ ಹತ್ತು ಸಾಲಿನ ಪರಿಚಯಕ್ಕೆ ಇಲ್ಲ.

ಲೀಸ್ಟ್ ಕೌಂಟ್ (ಸಾಧನ ಓದಬಲ್ಲ ಅತಿ ಚಿಕ್ಕ ಅಳತೆ) ಕೇಳಿದಾಗ "0.02" ಅಂತ ಹೇಳಿ ನಿಲ್ಲಿಸಬೇಡಿ, ಯಾಕೆ ಅಂತಲೂ ಹೇಳಿ. ಮೇನ್ ಸ್ಕೇಲಿನ 49 ಮಿ.ಮೀ. ಜಾಗವನ್ನು ವರ್ನಿಯರಿನಲ್ಲಿ 50 ಭಾಗ ಮಾಡಿದ್ದಾರೆ, ಹಾಗಾಗಿ ಒಂದೊಂದು ಭಾಗಕ್ಕೆ 0.02 ಮಿ.ಮೀ. ವ್ಯತ್ಯಾಸ. ಇನ್ನೂ ಸೂಕ್ಷ್ಮವಾಗಿ ಅಳೆಯುವ ಮೈಕ್ರೋಮೀಟರಿನಲ್ಲಿ ಪಿಚ್ (ಒಂದು ಸುತ್ತಿಗೆ ಸ್ಕ್ರೂ ಸರಿಯುವ ದೂರ) 0.5 ಮಿ.ಮೀ., ಥಿಂಬಲ್ (ತಿರುಗಿಸುವ ಕೊಳವೆ) ಮೇಲೆ 50 ಗೆರೆ, ಅದಕ್ಕೇ 0.01. ಮೈಕ್ರೋಮೀಟರ್ ಕೊಟ್ಟರೆ ಥಿಂಬಲ್ ಹಿಡಿದು ಬಿಗಿ ಮಾಡಬೇಡಿ, ತುದಿಯಲ್ಲಿ ಒತ್ತಡ ಮಿತಿ ಮೀರದಂತೆ ತಡೆಯುವ ರ‍್ಯಾಚೆಟ್ ತಿರುಗಿಸಿ. ಇದೊಂದನ್ನು ತಪ್ಪಿದರೆ ಎದುರಿನವರ ಮುಖವೇ ಬದಲಾಗುತ್ತೆ, ಯಾಕಂದ್ರೆ ನಾಳೆ ಹಾಳಾಗೋದು ಅವರ ಇನ್‌ಸ್ಟ್ರುಮೆಂಟು.

ಒಳ್ಳೆಯ ಕ್ವಾಲಿಟಿಯವರು ಇಲ್ಲೊಂದು ಗುಂಡಿ ತೋಡಿಟ್ಟಿರುತ್ತಾರೆ. ಡ್ರಾಯಿಂಗಿನಲ್ಲಿ ಬೋರ್ (ಕೊರೆದ ತೂತು) ವ್ಯಾಸ 25 H7 ಅಂತ ಇರುತ್ತೆ, ಕೈಯಲ್ಲಿ ವರ್ನಿಯರ್ ಕೊಟ್ಟು "ಓಕೆನಾ, ರಿಜೆಕ್ಟಾ?" ಅಂತಾರೆ. ಬಹಳ ಜನ ಅಳೆದು 25.02 ಅಂದು "ಓಕೆ ಸರ್" ಅನ್ನುತ್ತಾರೆ. 25ಕ್ಕೆ H7 ಅಂದರೆ 25.000ರಿಂದ 25.021 ಮಿ.ಮೀ. ತನಕ ನಡೆಯುತ್ತೆ, ಆ ಟಾಲರೆನ್ಸ್ (ಒಪ್ಪುವ ಏರುಪೇರು) ಒಟ್ಟು 21 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದ ಒಂದು ಭಾಗ). 20 ಮೈಕ್ರಾನಿನ ಹೆಜ್ಜೆ ಇಡುವ ವರ್ನಿಯರಿನಿಂದ 21 ಮೈಕ್ರಾನ್ ಟಾಲರೆನ್ಸ್ ತೀರ್ಮಾನ ಮಾಡೋಕೆ ಆಗಲ್ಲ. "ವರ್ನಿಯರಲ್ಲಿ ಹೇಳಕ್ಕಾಗಲ್ಲ ಸರ್, ಬೋರ್ ಗೇಜ್ ಬೇಕು, ಇಲ್ಲಾ ಗೋ-ನೋಗೋ ಪ್ಲಗ್ ಗೇಜ್ ಕೊಡಿ" ಅಂದರೆ ಸಾಕು, ಮುಂದಿನ ಪ್ರಶ್ನೆಗಳ ಧಾಟಿಯೇ ಬದಲಾಗುತ್ತೆ. ಆಗಲ್ಲ ಅನ್ನೋದನ್ನು ಕಾರಣ ಸಮೇತ ಹೇಳುವವರು ಶಾಪ್ ಫ್ಲೋರಿಗೆ ಬೇಕು. ಗೊತ್ತಿಲ್ಲದೆ ಓಕೆ ಸೀಲ್ ಹೊಡೆದ ಲಾಟ್ ಕಸ್ಟಮರಿನಿಂದ ವಾಪಸ್ ಬಂದರೆ ಏನಾಗುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಡ್ರಾಯಿಂಗ್ ಕೊಟ್ಟಾಗ ಆಕಾರ ನೋಡುವ ಮುಂಚೆ ಟೈಟಲ್ ಬ್ಲಾಕ್ ಓದಿ: ಮೆಟೀರಿಯಲ್, ಸ್ಕೇಲ್, ಜನರಲ್ ಟಾಲರೆನ್ಸ್, ರಿವಿಷನ್ ನಂಬರ್, ಪ್ರೊಜೆಕ್ಷನ್ ಚಿಹ್ನೆ (ಬದಿಯ ನೋಟಗಳನ್ನು ಯಾವ ಕಡೆ ಬರೆದಿದ್ದಾರೆ ಅನ್ನೋದರ ಗುರುತು). ನಮ್ಮಲ್ಲಿ ಕಲಿಸೋದು ಫಸ್ಟ್ ಆ್ಯಂಗಲ್, ಅಮೆರಿಕದ ಕಸ್ಟಮರ್ ಕೊಟ್ಟ ಡ್ರಾಯಿಂಗ್ ಥರ್ಡ್ ಆ್ಯಂಗಲ್ ಇರುತ್ತೆ. ಚಿಹ್ನೆ ನೋಡದೆ ಓದಿದರೆ ಎಡದ ತೂತು ಬಲಕ್ಕೆ ಹೋಗುತ್ತೆ.

ರೆಸ್ಯೂಮೆ ಒಂದೇ ಪುಟ ಸಾಕು. ಅದರಲ್ಲಿ ಬರೆದ ಪ್ರತಿ ಪದವೂ ಪ್ರಶ್ನೆಗೆ ಆಹ್ವಾನ. "ಸಿಎನ್‌ಸಿ ಪ್ರೋಗ್ರಾಮಿಂಗ್" (ಕಂಪ್ಯೂಟರ್ ಆದೇಶದಿಂದ ನಡೆಯುವ ಮಷಿನಿಗೆ ಪ್ರೋಗ್ರಾಂ ಬರೆಯೋದು) ಅಂತ ಹಾಕಿದ್ದರೆ ಪೆನ್ನು ಕೊಟ್ಟು ಒಂದು ಸ್ಟೆಪ್ ಟರ್ನಿಂಗ್ (ಮೆಟ್ಟಿಲು ಮೆಟ್ಟಿಲಾಗಿ ವ್ಯಾಸ ಇಳಿಸೋದು) ಪ್ರೋಗ್ರಾಂ ಬರೆಸುತ್ತಾರೆ. ಮಷಿನಿಗೆ ಆದೇಶ ಕೊಡುವ ಕೋಡುಗಳಲ್ಲಿ G00ಗೂ G01ಗೂ ವ್ಯತ್ಯಾಸ, G02 ಯಾವ ಕಡೆ ತಿರುಗುತ್ತೆ, M03, M08, M30 ಏನು ಅನ್ನೋದು ನಾಲಿಗೆ ತುದಿಯಲ್ಲಿರಬೇಕು. ಸ್ಪಿಂಡಲ್ ಸ್ಪೀಡಿನ (ಜಾಬ್, ಅಂದರೆ ಕೆತ್ತುವ ಲೋಹ, ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕು ಅನ್ನೋದರ) ಲೆಕ್ಕ ತಪ್ಪದೆ ಬರುತ್ತೆ: ಕಟಿಂಗ್ ಸ್ಪೀಡ್ 100 ಮೀ./ನಿಮಿಷ, ಜಾಬ್ ವ್ಯಾಸ 50 ಮಿ.ಮೀ. ಆದರೆ 1000 ಗುಣಿಸು 100, ಅದನ್ನು 3.14 ಗುಣಿಸು 50ರ ಉತ್ತರದಿಂದ ಭಾಗಿಸು, ಸುಮಾರು 637 ಆರ್‌ಪಿಎಂ. ಇದನ್ನು ಕಾಗದದ ಮೇಲೆ ಹಾಕುತ್ತಾ ಬಾಯಲ್ಲೂ ಹೇಳಿ. ಸುಮ್ಮನೆ ಕೂತು ಲೆಕ್ಕ ಮಾಡಿದರೆ ನಿಮಗೆ ಎಷ್ಟು ಗೊತ್ತು ಅಂತ ಅವರಿಗೆ ಗೊತ್ತಾಗಲ್ಲ. ಪ್ರಾಜೆಕ್ಟನ್ನು ನಾಲ್ಕು ಜನ ಸೇರಿ ಮಾಡಿದ್ದರೆ ನಿಮ್ಮ ಕೈ ತಾಗಿದ ಭಾಗ ಯಾವುದು ಅಂತ ಮೊದಲೇ ಹೇಳಿಬಿಡಿ. ಹೊರಗೆ ದುಡ್ಡು ಕೊಟ್ಟು ಮಾಡಿಸಿದ ಪ್ರಾಜೆಕ್ಟ್ ಮೂರನೇ ಪ್ರಶ್ನೆಗೆ ಸಿಕ್ಕಿಬೀಳುತ್ತೆ.

ಭಾಷೆಯ ಹೆದರಿಕೆಯಿಂದ ಎಷ್ಟೊಂದು ಒಳ್ಳೆ ಮಕ್ಕಳು ಕುಗ್ಗಿ ಹೋಗ್ತಾರೆ, ನೋಡೋಕೆ ಸಂಕಟವಾಗುತ್ತೆ. ಇಂಗ್ಲಿಷಿನಲ್ಲಿ ಉರು ಹೊಡೆದ ಪರಿಚಯ ಮಧ್ಯದಲ್ಲಿ ನಿಂತರೆ, ಆಮೇಲೆ ಗೊತ್ತಿರುವ ಉತ್ತರವೂ ಬಾಯಿಗೆ ಬರಲ್ಲ. ಹೆಸರು, ಊರು, ಓದು, ಕೈಯಾರೆ ಮಾಡಿದ ಒಂದು ಕೆಲಸ, ಇಷ್ಟನ್ನು ಒಂದು ನಿಮಿಷದಲ್ಲಿ ಇಂಗ್ಲಿಷಿನಲ್ಲಿ ಹೇಳೋದನ್ನು ಕಲಿಯಿರಿ. ಟೆಕ್ನಿಕಲ್ ಪ್ರಶ್ನೆ ಬಂದಾಗ "ಕನ್ನಡದಲ್ಲಿ ಎಕ್ಸ್‌ಪ್ಲೇನ್ ಮಾಡ್ಲಾ ಸರ್?" ಅಂತ ಕೇಳಿ. ಕನ್ನಡ ಬಲ್ಲವರು ಕೂತಿದ್ದರೆ ಬೇಡ ಅನ್ನುವವರು ಕಡಿಮೆ. ಮಷಿನ್ ಮುಂದೆ ನಡೆಯುವ ಮಾತೂ ಕನ್ನಡದ್ದೇ, ನಡುವೆ ಇಂಗ್ಲಿಷ್ ಪದಗಳು.

ಬಟ್ಟೆ ಇಸ್ತ್ರಿ ಆಗಿರಲಿ, ಅಷ್ಟು ಸಾಕು. ಚಪ್ಪಲಿ ಮಾತ್ರ ಬೇಡವೇ ಬೇಡ, ಶೂ ಹಾಕಿ. ಮಾತು ಚೆನ್ನಾಗಿ ಹೋದರೆ ಅಲ್ಲೇ ಶಾಪ್ ಫ್ಲೋರಿಗೆ ಕರೆದುಕೊಂಡು ಹೋಗ್ತಾರೆ, ಚಪ್ಪಲಿ ಕಾಲಿನವರನ್ನು ಹಳದಿ ಗೆರೆ ದಾಟಲು ಬಿಡಲ್ಲ. ಉಂಗುರ, ಕೈಗೆ ಕಟ್ಟಿದ ದಾರ, ಇಳಿಬಿದ್ದ ದುಪಟ್ಟಾ, ತಿರುಗುವ ಚಕ್ಕಿನ (ಜಾಬ್ ಹಿಡಿಯುವ ಭಾಗ) ಹತ್ತಿರ ಇವೆಲ್ಲ ಅಪಾಯ. ಒಳಗೆ ಹೋಗುವ ಮುಂಚೆ ನೀವಾಗಿಯೇ ತೆಗೆದರೆ, ಬಿಗಿದು ಕಟ್ಟಿದರೆ, ಅವರು ಗಮನಿಸಿಯೇ ಗಮನಿಸುತ್ತಾರೆ.

ಫೈಲಿನಲ್ಲಿ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಎಲ್ಲ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್, ಆಧಾರ್, ಪ್ಯಾನ್, ಫೋಟೊ ನಾಲ್ಕು, ರೆಸ್ಯೂಮೆ ಮೂರು ಪ್ರತಿ. ನಮ್ಮವರಿಗೆ ಕಾಡುವ ತೊಂದರೆ ಇನಿಷಿಯಲ್ಲಿನದು: ಎಸ್‌ಎಸ್‌ಎಲ್‌ಸಿಯಲ್ಲಿ ಬರೀ ಇನಿಷಿಯಲ್, ಆಧಾರಿನಲ್ಲಿ ತಂದೆಯ ಪೂರ್ತಿ ಹೆಸರು. ಕೆಲಸ ಸಿಕ್ಕ ಮೇಲೆ ಪಿಎಫ್ ಖಾತೆಯಲ್ಲಿ ಇದು ಸಿಕ್ಕಿಹಾಕಿಕೊಳ್ಳುತ್ತೆ, ಈಗಲೇ ಎಸ್‌ಎಸ್‌ಎಲ್‌ಸಿಯಲ್ಲಿರುವಂತೆ ಆಧಾರ್ ತಿದ್ದಿಸಿ.

ಕೊನೆಗೆ "ಏನಾದ್ರೂ ಕೇಳೋದಿದೆಯಾ?" ಅಂತಾರೆ. ತಲೆ ಅಲ್ಲಾಡಿಸಿ ಎದ್ದು ಬರಬೇಡಿ. ನನಗೆ ಯಾವ ಮಷಿನ್ ಕೊಡ್ತೀರಿ, ಶಿಫ್ಟ್ ಹೇಗೆ, ನೈಟ್ ಶಿಫ್ಟಿಗೆ ಬಸ್ ಇದೆಯಾ ಅಂತ ಕೇಳಿ. ಹೆಣ್ಣುಮಕ್ಕಳು ಈ ಬಸ್ಸಿನ ಪ್ರಶ್ನೆಗೆ ಸಂಕೋಚಪಡಲೇಬಾರದು. ಮುಖ್ಯವಾಗಿ, ಇದು ಅಪ್ರೆಂಟಿಸಾ, ಕಾಂಟ್ರಾಕ್ಟಾ, ಕಂಪನಿ ರೋಲಾ (ಕಂಪನಿಯದೇ ನೌಕರಿ) ಕೇಳಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ತಗೊಂಡರೆ ನೀವು ಟ್ರೈನಿ, ಬರೋದು ಸಂಬಳವಲ್ಲ, ಸ್ಟೈಪೆಂಡ್. ಕಾಂಟ್ರಾಕ್ಟ್ ಆದರೆ ಸಂಬಳ ಹಾಕೋದು ಕಂಪನಿಯಲ್ಲ, ನಡುವಿನ ಏಜೆನ್ಸಿ. ಮೂರೂ ಹೋಗಬಹುದಾದ ದಾರಿಗಳೇ, ಆದರೆ ಯಾವುದಕ್ಕೆ ಒಪ್ಪುತ್ತಿದ್ದೀರಿ ಅಂತ ತಿಳಿದಿರಬೇಕು. ಬಾಯಲ್ಲಿ ಹೇಳಿದ್ದೂ ಲೆಟರಿನಲ್ಲಿ ಬರೆದದ್ದೂ ಒಂದೇನಾ ಅಂತ ಸಹಿ ಹಾಕುವ ಮುಂಚೆ ಓದಿ ನೋಡಿ. ಗೇಟಿನ ಹೊರಗೆ ಯಾರಾದರೂ "ಡೆಪಾಸಿಟ್ ಕಟ್ಟಿದ್ರೆ ಸೇರಿಸ್ತೀನಿ" ಅಂದರೆ ಒಂದು ರೂಪಾಯಿಯನ್ನೂ ಕೊಡಬೇಡಿ.